ಹೊರಗಿನ ಡಿಸ್ಕಿನಲ್ಲಿ ಬಂದ ಲಿನಕ್ಸ್

ಅಂಗಡಿಯಿಂದ ಕಂಪ್ಯೂಟರ್ ತಂದರೆ ಅದರೊಳಗೆ ವಿಂಡೋಸ್ ಇದ್ದೇ ಇರುತ್ತದೆ. ವಿಂಡೋಸಿಗೆ ವಯಸ್ಸಾಯಿತೆಂದರೆ ಯಂತ್ರವನ್ನೂ ಬದಲಾಯಿಸಬೇಕು. ಚಿಕ್ಕಮಗಳೂರಿನ ಡಿಟಿಪಿ ಅಂಗಡಿಯಿಂದ ಹಿಡಿದು ಕಾಫಿ ತೋಟದ ರೈಟರ್ ಹಾಜರಿ, ಬಟವಾಡೆಯ ಲೆಕ್ಕ ಹಾಕುವ ಮೇಜಿನವರೆಗೆ ಎಲ್ಲರೂ ಒಪ್ಪಿಕೊಂಡು ಬಂದಿರುವ ರೂಢಿ ಇದು. ಒಂದು ಎಕ್ಸ್‌ಟರ್ನಲ್ ಯುಎಸ್‌ಬಿ ಹಾರ್ಡ್ ಡಿಸ್ಕಿಗೆ ಲಿನಕ್ಸ್ ಹಾಕಿಕೊಂಡು, ಅದನ್ನು ಕೈಗೆ ಸಿಕ್ಕ ಕಂಪ್ಯೂಟರಿಗೆ ಸಿಕ್ಕಿಸಿ, ಒಳಗಿನ ಡಿಸ್ಕನ್ನು ಮುಟ್ಟದೆ ಹೊರಗಿನಿಂದಲೇ ಬೂಟ್ ಮಾಡಬಹುದು ಎಂದರೆ ಈ ರೂಢಿಯಲ್ಲಿ ಬೆಳೆದವರಿಗೆ ಅದೊಂದು ಕೈಚಳಕದಂತೆ, ಬಿಡುವಿದ್ದವರ ಹವ್ಯಾಸದಂತೆ ಕಾಣುತ್ತದೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಆಪರೇಟಿಂಗ್ ಸಿಸ್ಟಂ ಯಂತ್ರದ ಹೊರಗಿರುವುದೇ ಪರ್ಸನಲ್ ಕಂಪ್ಯೂಟರಿನ ಮೂಲ ರೂಢಿ. ಅದು ಒಳಗೆ ಸೇರಿ ಬೀಗ ಹಾಕಿಕೊಂಡದ್ದು ಆಮೇಲೆ, ಬಹುಮಟ್ಟಿಗೆ ವ್ಯಾಪಾರದ ಕಾರಣಕ್ಕೆ. ಕನ್ನಡ ಕಂಪ್ಯೂಟರಿನಲ್ಲಿ ನೆಲೆಯೂರಿದ್ದು ಸರಿಯಾಗಿ ಆ ಬೀಗ ಬಿಗಿಯಾಗುತ್ತಿದ್ದ ವರ್ಷಗಳಲ್ಲಿ. ಹಾಗಾಗಿ ಕನ್ನಡವನ್ನೂ ನಾವು ಬೀಗದೊಳಗೇ ಕೂರಿಸಿದೆವು. ಅದರ ಬೆಲೆ ತೆತ್ತವರಲ್ಲಿ ಹೆಚ್ಚಿನವರು, ಯಂತ್ರ ಕಡಿಮೆ ಇದ್ದು ಇರುವುದನ್ನೇ ಹತ್ತಾರು ಜನ ಹಂಚಿಕೊಳ್ಳಬೇಕಾದ ಮಲೆನಾಡಿನಂಥ ಸೀಮೆಯವರು.

1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಮುಂಭಾಗದ ಕಿಂಡಿಗೆ ಐದೂಕಾಲು ಇಂಚಿನ ಫ್ಲಾಪಿ ತೂರಿಸಿ ಸ್ವಿಚ್ ಹಾಕಿದರೆ, ಅದರಲ್ಲಿದ್ದ ಡಾಸ್ ಮೆಮೊರಿಗೆ ಇಳಿದು ಯಂತ್ರ ಕೆಲಸಕ್ಕೆ ಸಿದ್ಧವಾಗುತ್ತಿತ್ತು. ಮೊದಲ ಡಾಸ್ ಬಂದ ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು ಬರೀ 160 ಕಿಲೋಬೈಟ್. ಡಾಸ್ ಬೇಡದವರು ಬೇರೆ ಫ್ಲಾಪಿ ಹಾಕಿ ಸಿಪಿ/ಎಂ ಓಡಿಸಬಹುದಿತ್ತು. ಐಬಿಎಂ ಎರಡನ್ನೂ ಮಾರುತ್ತಿತ್ತು. 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಐಬಿಎಂ ಯಂತ್ರದೊಳಗೆ ಬಂದು ಕೂತದ್ದು 1983ರ ಎಕ್ಸ್‌ಟಿ ಮಾದರಿಯಲ್ಲಿ. ನಮ್ಮಲ್ಲಿ ಹಾರ್ಡ್ ಡಿಸ್ಕ್ ಬಹುಕಾಲ ದುಬಾರಿಯಾಗಿದ್ದರಿಂದ, ಫ್ಲಾಪಿಯಿಂದಲೇ ಏಳುವ ಯಂತ್ರಗಳು ತೊಂಬತ್ತರ ದಶಕದವರೆಗೂ ಕಾಲೇಜು ಲ್ಯಾಬುಗಳಲ್ಲಿ ಬಾಳಿದವು. ಲ್ಯಾಬಿನ ಯಂತ್ರ ಕಾಲೇಜಿನದು, ಫ್ಲಾಪಿ ವಿದ್ಯಾರ್ಥಿಯದು. ಸಿಸ್ಟಂ, ವರ್ಡ್‌ಸ್ಟಾರ್, ಬರೆದ ಕಡತ ಎಲ್ಲವೂ ಅವನ ಚೀಲದಲ್ಲಿ ಓಡಾಡುತ್ತಿದ್ದವು. ಹಾರ್ಡ್ ಡಿಸ್ಕ್ ಸಾಮಾನ್ಯವಾದ ಮೇಲೂ ಈ ಹಳೆಯ ಹಕ್ಕಿನ ಗುರುತು ಯಂತ್ರದಲ್ಲಿ ಉಳಿದಿತ್ತು: ಸ್ವಿಚ್ ಹಾಕಿದ ಕೂಡಲೇ, ಯಂತ್ರವನ್ನು ಎಬ್ಬಿಸುವ ಬಯಾಸ್ ಮೊದಲು ಇಣುಕುತ್ತಿದ್ದದ್ದು ‘ಎ’ ಎಂಬ ಫ್ಲಾಪಿ ಡ್ರೈವಿಗೆ, ಅಲ್ಲಿ ಏನೂ ಇಲ್ಲದಿದ್ದರೆ ಮಾತ್ರ ‘ಸಿ’ ಎಂಬ ಒಳಗಿನ ಡಿಸ್ಕಿಗೆ. ಹೊರಗಿನಿಂದ ಬಂದವನಿಗೆ ಮೊದಲ ಮಣೆ ಎಂಬುದು ಯಂತ್ರದ ವಿನ್ಯಾಸದಲ್ಲೇ ಬರೆದಿದ್ದ ನಿಯಮ.

ಲಿನಕ್ಸ್ ಹುಟ್ಟಿದ್ದು ಈ ನಿಯಮದ ನೆರಳಿನಲ್ಲೇ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಕರ್ನಲನ್ನು, ಅಂದರೆ ಸಿಸ್ಟಂನ ತಿರುಳನ್ನು, ಹಂಚಲು ತೊಡಗಿದ ಸ್ವಲ್ಪ ಕಾಲಕ್ಕೆಲ್ಲ ಅದನ್ನು ಪರೀಕ್ಷಿಸುವವರು ಬಳಸುತ್ತಿದ್ದದ್ದು ಎರಡು ಫ್ಲಾಪಿ: ಒಂದು ಬೂಟ್ ಫ್ಲಾಪಿ, ಇನ್ನೊಂದು ರೂಟ್ ಫ್ಲಾಪಿ. ಮೊದಲನೆಯದರಿಂದ ಕರ್ನಲ್ ಎದ್ದು, ಎರಡನೆಯದನ್ನು ಕೇಳಿ ಪಡೆದು, ಅದರಲ್ಲಿದ್ದ ಕಡತಗಳ ಮೇಲೆ ನಿಲ್ಲುತ್ತಿತ್ತು. ಯಂತ್ರದಲ್ಲಿ ಡಾಸ್ ಇದೆಯೋ ಇಲ್ಲವೋ ಎಂಬುದರ ಗೊಡವೆ ಅದಕ್ಕಿರಲಿಲ್ಲ. ಭಾರತಕ್ಕೆ ಲಿನಕ್ಸ್ ಬಂದ ಬಗೆಯೂ ಹೀಗೆ ಕೈಯಿಂದ ಕೈಗೆ. ಇಂಟರ್ನೆಟ್ ಎಂದರೆ ಟೆಲಿಫೋನ್ ತಂತಿಯ ಮೇಲೆ ತೆವಳುವ ಸಂಪರ್ಕ ಎಂದಿದ್ದ 1996ರಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆ ಸ್ಲ್ಯಾಕ್‌ವೇರ್ ಲಿನಕ್ಸಿನ ಸಿಡಿಯನ್ನು ಸಂಚಿಕೆಯ ಜೊತೆಗೇ ಓದುಗರಿಗೆ ಕೊಟ್ಟಿತು. ಅದರ ಹಿಂದಿದ್ದ ಅತುಲ್ ಚಿಟ್ನಿಸ್ ಬೆಂಗಳೂರಿನಲ್ಲಿ ನೆಲೆಸಿದ್ದವರು. 2001ರಿಂದ ನಡೆದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನಕ್ಕೂ ಅವರೇ ಬೆನ್ನೆಲುಬಾಗಿದ್ದರು. ಮುಂದೆ ಉಬುಂಟು ಎಂಬ ಲಿನಕ್ಸ್ ಆವೃತ್ತಿಯವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಬಿಟ್ಟಿ ಸಿಡಿ ಕಳಿಸುವ ಏರ್ಪಾಡು ಮಾಡಿದರು, 2011ರವರೆಗೆ ಅದನ್ನು ನಡೆಸಿದರು. ಬ್ರಾಡ್‌ಬ್ಯಾಂಡ್ ತಲುಪದ ಊರುಗಳಿಗೆ ಲಿನಕ್ಸ್ ಮುಟ್ಟಿದ್ದು ಪತ್ರಿಕೆಯ ಕವರಿನಲ್ಲಿ, ಅಂಚೆಯವನ ಚೀಲದಲ್ಲಿ. ಹೊರಗಿನ ವಸ್ತುವಾಗಿಯೇ ಬಂದು ಹೊರಗಿನಿಂದಲೇ ಓಡುವುದು ಅದರ ಹುಟ್ಟುಗುಣ.

ಹಾಗಾದರೆ ಸಿಸ್ಟಂ ಯಂತ್ರದೊಳಗೆ ಕಟ್ಟುಬಿದ್ದದ್ದು ಹೇಗೆ? ಹಾರ್ಡ್ ಡಿಸ್ಕ್ ಅಗ್ಗವಾದದ್ದು ಒಂದು ಕಾರಣ, ಅದನ್ನು ಅಲ್ಲಗಳೆಯಲಾಗದು. ದೊಡ್ಡ ಸಿಸ್ಟಂ ಫ್ಲಾಪಿಯಲ್ಲಿ ಹಿಡಿಯುವಂತಿರಲಿಲ್ಲ. ಆದರೆ ತಂತ್ರಜ್ಞಾನದ ಕಾರಣ ಅಲ್ಲಿಗೆ ಮುಗಿಯುತ್ತದೆ, ಉಳಿದದ್ದು ಒಪ್ಪಂದಗಳ ಕಥೆ. ಯಂತ್ರ ತಯಾರಕರು ಮಾರುವ ಪ್ರತಿ ಕಂಪ್ಯೂಟರಿಗೂ, ಅದರಲ್ಲಿ ತನ್ನ ಸಿಸ್ಟಂ ಇರಲಿ ಬಿಡಲಿ, ಮೈಕ್ರೋಸಾಫ್ಟಿಗೆ ಹಣ ಸಲ್ಲಬೇಕೆಂಬ ಕರಾರು ಆಗ ಜಾರಿಯಲ್ಲಿತ್ತು. ಅಮೆರಿಕದ ನ್ಯಾಯ ಇಲಾಖೆ ತಕರಾರು ತೆಗೆದ ಮೇಲೆ 1994ರಲ್ಲಿ ಕಂಪನಿ ಆ ಬಗೆಯ ಕರಾರನ್ನು ಕೈಬಿಡಲು ಒಪ್ಪಿತು. ಅಷ್ಟರಲ್ಲಿ ಯಂತ್ರ ಎಂದರೆ ಅದರೊಳಗಿನ ವಿಂಡೋಸ್ ಎಂಬ ಭಾವನೆ ಬೇರುಬಿಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ್ಯಕ್ಟಿವೇಶನ್ ಎಂಬ ಏರ್ಪಾಡಿನಿಂದ ಅದು ಯಂತ್ರದ ಬಿಡಿಭಾಗಗಳ ಗುರುತು ಹಿಡಿದಿಟ್ಟುಕೊಳ್ಳುತ್ತಿತ್ತು. ಭಾಗಗಳು ಒಂದು ಮಿತಿ ಮೀರಿ ಬದಲಾದರೆ ಮತ್ತೆ ಅನುಮತಿ ಪಡೆಯಬೇಕಿತ್ತು. ಎಕ್ಸ್‌ಪಿ ಇದ್ದ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೆ ಹೆಚ್ಚಿನ ಸಲ ನೀಲಿ ಪರದೆ ಬಂದು ನಿಂತುಬಿಡುತ್ತಿತ್ತು. ಯುಎಸ್‌ಬಿ ಡಿಸ್ಕಿನಿಂದ ಅದನ್ನು ಓಡಿಸಲು ಕಂಪನಿ ಅವಕಾಶವನ್ನೇ ಇಟ್ಟಿರಲಿಲ್ಲ. ಸಿಸ್ಟಂ ಕೊಂಡವನು ಮನುಷ್ಯ, ಅದರ ಒಡೆತನ ಮಾತ್ರ ಲೋಹದ ಪೆಟ್ಟಿಗೆಯದು ಎಂಬಂತಾಯಿತು.

ಕನ್ನಡದ ಕಡೆಗೆ ನೋಡಿ. ಎಂಬತ್ತರ ದಶಕದಲ್ಲಿ ಡಾಸ್ ಯಂತ್ರದ ಪರದೆಯ ಮೇಲೆ ಭಾರತೀಯ ಲಿಪಿಗಳನ್ನು ತೋರಿಸಲು ಇದ್ದ ಮುಖ್ಯ ದಾರಿ ಜಿಸ್ಟ್ ಕಾರ್ಡ್. ಕಾನ್ಪುರದ ಐಐಟಿಯಲ್ಲಿ ಮೊದಲುಗೊಂಡು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಈ ಕೆಲಸದಲ್ಲಿ ಲಿಪಿಯೆಂಬುದೇ ಯಂತ್ರದೊಳಗೆ ಸಿಕ್ಕಿಸುವ ಒಂದು ಹಲಗೆ. ಆ ಕಾರ್ಡ್ ಇದ್ದ ಕಂಪ್ಯೂಟರಿನಲ್ಲಿ ಕನ್ನಡ ಉಂಟು, ಪಕ್ಕದ ಮೇಜಿನದರಲ್ಲಿ ಇಲ್ಲ. ವಿಂಡೋಸ್ ಬಂದ ಮೇಲೆ ಹಲಗೆಯ ಜಾಗಕ್ಕೆ ಫಾಂಟ್ ಬಂತು. 1998ರಲ್ಲಿ ಶೇಷಾದ್ರಿವಾಸು ‘ಬರಹ’ವನ್ನು ಹೊರತಂದರು, ಈ ಶತಮಾನದ ಆರಂಭದಲ್ಲಿ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಎರಡನ್ನೂ ಬಿಡಿಗಾಸಿಲ್ಲದೆ ಹಂಚಲಾಯಿತು. ಇಂದು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಒಂದು ಪೀಳಿಗೆಯೇ ಅವುಗಳ ಋಣದಲ್ಲಿದೆ, ಅದನ್ನು ಮರೆತು ಮಾತಾಡುವುದು ಕೃತಘ್ನತೆ. ಆದರೂ ಎರಡೂ ವಿಂಡೋಸನ್ನು ನೆಚ್ಚಿದ್ದವು. ಅವುಗಳಲ್ಲಿ ಬರೆದ ಕಡತ, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ತುಣುಕುಗಳನ್ನು ಹೊಂದಿಸಿದ ಫಾಂಟ್ ಇದ್ದಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತಿತ್ತು, ಇಲ್ಲದಲ್ಲಿ ಚಿಹ್ನೆಗಳ ರಾಶಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಎಕ್ಸ್‌ಪಿಯ ಜೊತೆ ಬಂದ ‘ತುಂಗಾ’ ಫಾಂಟ್ ಆ ಪದ್ಧತಿಯದ್ದೇ. ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟುವ ಹೊಳೆಯ ಹೆಸರು ಹೊತ್ತ ಅಕ್ಷರಗಳು ಪ್ರತಿ ಎಕ್ಸ್‌ಪಿಯೊಳಗೂ ಕೂತಿದ್ದಾಗಲೂ ನಮ್ಮ ಕಚೇರಿಗಳು, ಅಚ್ಚುಕೂಟಗಳು ಹಳೆಯ ಸಂಕೇತದಲ್ಲೇ ವರ್ಷಗಟ್ಟಲೆ ಬರೆದವು. ಆ ಕಡತಗಳನ್ನು ಇಂದು ತೆರೆಯಬೇಕಾದರೆ ಪರಿವರ್ತಕ ತಂತ್ರಾಂಶದ ಮೊರೆಹೋಗಬೇಕು.

ಈ ಕಟ್ಟು ಮಲೆನಾಡಿನಲ್ಲಿ ಬೇರೆಡೆಗಿಂತ ಬಿಗಿಯಾಗಿ ಕಾಡಿತು ಎನ್ನಲು ಕಾರಣವಿದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ರಾಜ್ಯದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ ಕನ್ನಡದಲ್ಲೇ ಮುದ್ರಿಸಿ ಕೊಡಲು ತೊಡಗಿತು. ರೈತನಿಗೆ ಅದು ದೊಡ್ಡ ಉಪಕಾರವೇ. ಆದರೆ ಕಳಸ ಆಗ ಮೂಡಿಗೆರೆ ತಾಲ್ಲೂಕಿನ ಒಂದು ಹೋಬಳಿ. ಅಲ್ಲಿಯ ಕೃಷಿಕ ಒಂದು ಹಾಳೆಗಾಗಿ ಕೊಟ್ಟಿಗೆಹಾರದ ಮೇಲಿಂದ ಮೂಡಿಗೆರೆಗೆ ಬರಬೇಕಿತ್ತು, ಏಕೆಂದರೆ ದಾಖಲೆ, ಸಿಸ್ಟಂ, ಕನ್ನಡ ಮೂರೂ ಆ ಒಂದು ಯಂತ್ರದ ಬಳಿ ಇದ್ದವು. ಸರ್ಕಾರಿ ದಾಖಲೆ ಕಾಪಿಟ್ಟ ಯಂತ್ರದಲ್ಲೇ ಇರಬೇಕಾದದ್ದು ಸರಿ. ಆ ಮಾದರಿಯನ್ನು ಶಾಲೆ, ಗ್ರಂಥಾಲಯ, ಸಂಘ, ತೋಟದ ಲೆಕ್ಕಕ್ಕೂ ಹಾಗೆಯೇ ಹಬ್ಬಿಸಿದ್ದರಲ್ಲಿ ತಪ್ಪಿದೆ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ, ತೇವಕ್ಕೆ ಯಂತ್ರ ಬೇಗ ಕೆಡುವ, ರಿಪೇರಿಗೆ ಪೇಟೆಗೆ ಹೊತ್ತೊಯ್ಯಬೇಕಾದ ಕಡೆ, ಯಂತ್ರ ಕೆಟ್ಟಿತೆಂದರೆ ಅದರೊಡನೆ ಫಾಂಟು, ಕೀಲಿಮಣೆಯ ಹೊಂದಿಕೆ, ಕಡತ ಎಲ್ಲವೂ ಕೈತಪ್ಪುತ್ತಿದ್ದವು.

ಇದರ ಅಪಾಯವನ್ನು ಚಿಕ್ಕಮಗಳೂರು ಜಿಲ್ಲೆಯಲ್ಲೇ ಕೂತು ಗ್ರಹಿಸಿದವರೊಬ್ಬರಿದ್ದರು. ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ಕಾಫಿ ತೋಟದ ಮನೆ ‘ನಿರುತ್ತರ’ದಲ್ಲಿ ಬದುಕಿದ ಕೊನೆಯ ವರ್ಷಗಳಲ್ಲಿ, ಕಥೆ ಕಾದಂಬರಿ ಫೋಟೋಗ್ರಫಿಗಳ ಜೊತೆಗೆ, ಕನ್ನಡ ತಂತ್ರಾಂಶದ ವಿಷಯವನ್ನು ಹಚ್ಚಿಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಬಂದ ‘ಕುವೆಂಪು’ ಕನ್ನಡ ತಂತ್ರಾಂಶಕ್ಕೆ ಅವರ ಒತ್ತಾಸೆಯಿತ್ತು. ಕಂಪ್ಯೂಟರಿನಲ್ಲಿ ಬೆಳೆಯದ ಭಾಷೆಗೆ ಮುಂದೆ ಉಳಿಗಾಲ ಕಷ್ಟ ಎಂಬ ಅವರ ಕಳವಳ ಆ ದಿನಗಳಲ್ಲಿ ಹಲವರಿಗೆ ಅತಿಯೆನಿಸಿರಬಹುದು. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ತೇಜಸ್ವಿ ಲಿನಕ್ಸಿನ ಪ್ರಚಾರಕರಾಗಿದ್ದರೆಂದು ಹೇಳುವುದು ನನ್ನ ಉದ್ದೇಶವಲ್ಲ. ಅವರ ಉದಾಹರಣೆಯಿಂದ ನಾನು ಎತ್ತಿಕೊಳ್ಳುವುದು ಒಂದೇ ಸಂಗತಿ: ಕನ್ನಡ ಯಾವ ಸಿಸ್ಟಂ ಮೇಲೆ, ಯಾರ ಷರತ್ತಿನ ಮೇಲೆ ಓಡುತ್ತದೆ ಎಂಬುದು ಬೆಂಗಳೂರಿನ ಎಂಜಿನಿಯರುಗಳ ಒಳಮಾತಲ್ಲ, ಮೂಡಿಗೆರೆಯ ಕೃಷಿಕ ಬರಹಗಾರನಿಗೂ ಅದು ಸ್ವಂತದ ಪ್ರಶ್ನೆ ಎಂಬುದನ್ನು ಅವರು ತಮ್ಮ ನಡೆಯಿಂದ ತೋರಿಸಿಕೊಟ್ಟರು.

ಕಟ್ಟು ಬಿಚ್ಚುವ ಕೆಲಸ ನಡೆದದ್ದೂ ಸರಿಸುಮಾರು ಅದೇ ವರ್ಷಗಳಲ್ಲಿ. 2000ದಲ್ಲಿ ಜರ್ಮನಿಯ ಕ್ಲಾಸ್ ನಾಪರ್ ಹೊರತಂದ ‘ನಾಪಿಕ್ಸ್’ ಒಂದೇ ಸಿಡಿಯಿಂದ ಇಡೀ ಲಿನಕ್ಸನ್ನು ಎಬ್ಬಿಸುತ್ತಿತ್ತು, ಹಾರ್ಡ್ ಡಿಸ್ಕಿನಲ್ಲಿ ಒಂದಕ್ಷರವನ್ನೂ ಬರೆಯದೆ. ಅದರ ಹೆಚ್ಚುಗಾರಿಕೆ ಸಿಡಿಯಲ್ಲಿರಲಿಲ್ಲ, ಗುರುತು ಹಿಡಿಯುವ ಜಾಣ್ಮೆಯಲ್ಲಿತ್ತು. ಇನ್‌ಸ್ಟಾಲ್ ಮಾಡಿದ ಸಿಸ್ಟಂ ತಾನು ಕೂತ ಯಂತ್ರವನ್ನು ಒಮ್ಮೆ ಅರಿತುಕೊಂಡರೆ ಸಾಕು; ಊರೂರು ಅಲೆಯುವ ಸಿಸ್ಟಂ ಪ್ರತಿ ಸಲವೂ ಅಪರಿಚಿತ ಯಂತ್ರದ ಪರದೆ, ಧ್ವನಿ, ನೆಟ್‌ವರ್ಕ್ ಯಾವುವೆಂದು ಹೊಸದಾಗಿ ಕಂಡುಕೊಳ್ಳಬೇಕು. 2003ರ ಕೊನೆಗೆ ಬಂದ 2.6 ಕರ್ನಲ್, ಅದರ ಜೊತೆಗೆ ಬೆಳೆದ, ಯಂತ್ರದ ಸಾಧನಗಳನ್ನು ನಿಭಾಯಿಸುವ ಯುಡೆವ್, ಈ ಗುರುತಿಸುವಿಕೆಯನ್ನು ಲಿನಕ್ಸಿನ ದಿನನಿತ್ಯದ ಗುಣವಾಗಿಸಿದವು. ಎಕ್ಸ್‌ಪಿ ಯಂತ್ರವನ್ನು ಗುರುತಿಟ್ಟುಕೊಂಡದ್ದು ಅದರಿಂದಾಚೆ ಹೋಗದಿರಲು. ಲಿನಕ್ಸ್ ಗುರುತಿಸಲು ಕಲಿತದ್ದು ಎಲ್ಲಿಗೆ ಬೇಕಾದರೂ ಹೋಗಲು. ಒಂದೇ ಕಾಲ, ಹೆಚ್ಚುಕಡಿಮೆ ಒಂದೇ ತಾಂತ್ರಿಕ ಸಾಮರ್ಥ್ಯ, ಎರಡು ವಿರುದ್ಧ ಆಯ್ಕೆಗಳು. ಬೀಗ ತಾಂತ್ರಿಕ ಅನಿವಾರ್ಯತೆ ಆಗಿರಲಿಲ್ಲ ಎಂಬ ನನ್ನ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ.

ಸಿಡಿಯಿಂದ ಯುಎಸ್‌ಬಿ ಹಾರ್ಡ್ ಡಿಸ್ಕಿಗೆ ದಾಟುವಾಗ ಮಾತ್ರ ತೊಡಕುಗಳಿದ್ದವು, ಅವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಬಯಾಸ್ ಇರುವ ಯಂತ್ರಕ್ಕೆ ಸ್ವಿಚ್ ಹಾಕಿದಾಗ ಅದು ಡಿಸ್ಕಿನ ಮೊದಲ 512 ಬೈಟು ಓದುತ್ತದೆ. ಅಲ್ಲಿಂದ ಗ್ರಬ್ ಎಂಬ ಬೂಟ್ ಲೋಡರ್ ಎದ್ದು ಕರ್ನಲನ್ನೂ ಇನಿಟ್‌ರಾಮ್‌ಎಫ್‌ಎಸ್ ಎಂಬ ಚಿಕ್ಕ ಗಂಟನ್ನೂ ಮೆಮೊರಿಗೆ ತುಂಬುತ್ತದೆ. ಇಲ್ಲಿಯವರೆಗೆ ಓದಿಕೊಡುವುದು ಬಯಾಸ್. ಕರ್ನಲ್ ಕಣ್ಣು ಬಿಟ್ಟ ಕ್ಷಣ ಆ ನೆರವು ನಿಂತುಹೋಗುತ್ತದೆ. ತಾನು ಯಾವ ಡಿಸ್ಕಿನಿಂದ ಬಂತೋ ಅದೇ ಡಿಸ್ಕನ್ನು ಕರ್ನಲ್ ಈಗ ಸ್ವಂತ ಬಲದಿಂದ ಮತ್ತೆ ಹುಡುಕಬೇಕು. ಯುಎಸ್‌ಬಿಯ ಡ್ರೈವರ್ ಆ ಗಂಟಿನಲ್ಲಿ ಇಲ್ಲದಿದ್ದರೆ ದಾರಿ ಅಲ್ಲಿಗೇ ಬಂದ್. ಇದ್ದರೂ ತಿರುಗುವ ಡಿಸ್ಕು ವೇಗ ಹಿಡಿದು ತನ್ನನ್ನು ತೋರಿಸಿಕೊಳ್ಳಲು ಕೆಲವು ಸೆಕೆಂಡು ಬೇಕು, ಅಷ್ಟರೊಳಗೆ ಅವಸರದ ಕರ್ನಲ್ ರೂಟ್ ಸಿಗಲಿಲ್ಲವೆಂದು ಕೈಚೆಲ್ಲುತ್ತಿತ್ತು. ರೂಟ್‌ಡಿಲೇ, ರೂಟ್‌ವೇಟ್ ಎಂಬ ಸೂಚನೆಗಳು ಹುಟ್ಟಿದ್ದು ಸ್ವಲ್ಪ ತಾಳು ಎಂದು ಅದಕ್ಕೆ ಹೇಳಲು. ಒಂದು ಯಂತ್ರದಲ್ಲಿ ಎಸ್‌ಡಿಎ ಎನಿಸಿಕೊಂಡ ಡಿಸ್ಕು ಇನ್ನೊಂದರಲ್ಲಿ ಎಸ್‌ಡಿಬಿ ಆಗುತ್ತಿದ್ದುದರಿಂದ, ಹೆಸರಿನ ಬದಲು ಎಲ್ಲಿಗೆ ಹೋದರೂ ಬದಲಾಗದ ಯುಯುಐಡಿ ಸಂಖ್ಯೆಯಿಂದ ಅದನ್ನು ಕರೆಯುವ ಪದ್ಧತಿ ಬಂತು. ಕೊನೆಗೆ ಕರೆಂಟಿನ ಕೊರತೆ: ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್, ಎರಡೂವರೆ ಇಂಚಿನ ಡಿಸ್ಕು ತಿರುಗಲು ತೊಡಗುವಾಗ ಅದಕ್ಕಿಂತ ಹೆಚ್ಚು ಕೇಳುತ್ತಿತ್ತು. ಆ ಕಾಲದ ಡಿಸ್ಕುಗಳ ಜೊತೆ ಬರುತ್ತಿದ್ದ, ಒಂದು ತುದಿಯಲ್ಲಿ ಎರಡು ಪ್ಲಗ್ ಇದ್ದ ಕೇಬಲ್ ಎರಡು ಕಿಂಡಿಗಳಿಂದ ಕರೆಂಟು ಎಳೆಯಲೆಂದೇ ಆದದ್ದು. ಲಿನಕ್ಸಿನೊಳಗೂ ಹಳೆಯ ಕಟ್ಟಿನ ಒಂದು ಎಳೆ ಉಳಿದಿದೆ ಎಂಬುದನ್ನು ಮುಚ್ಚಿಡಬಾರದು. ಡೆಬಿಯನ್, ಉಬುಂಟುಗಳಂಥ ಲಿನಕ್ಸ್ ಆವೃತ್ತಿಗಳು ಆ ಚಿಕ್ಕ ಗಂಟಿನಲ್ಲಿ ಸಾಮಾನ್ಯವಾಗಿ ಬೇಕಾಗುವ ಹೆಚ್ಚಿನ ಡ್ರೈವರುಗಳನ್ನೂ ಕಟ್ಟಿಡುತ್ತವೆ. ಫೆಡೋರಾ ಇನ್‌ಸ್ಟಾಲ್ ಆದ ಯಂತ್ರಕ್ಕೆ ಬೇಕಾದಷ್ಟನ್ನೇ ಇಡುತ್ತದೆ. ಡಿಸ್ಕು ಊರೂರು ತಿರುಗಬೇಕೆಂದರೆ ಮೊದಲನೆಯ ಪದ್ಧತಿಯೇ ಸೈ.

ಯಂತ್ರ ಊರಿನದು, ಒಳಗಿನ ಬದುಕು ಬಳಸುವವನದು ಎಂಬ ಯೋಚನೆ ಹೊರನಾಡಿನಿಂದ ಎರವಲು ತಂದದ್ದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಜನರೆದುರು ಬಂತು. ಅದು ಓಡುತ್ತಿದ್ದದ್ದು ಲಿನಕ್ಸ್ ಮೇಲೆ. ಒಂದು ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಳ್ಳಬೇಕು, ಪ್ರತಿಯೊಬ್ಬನೂ ತನ್ನ ಮಾಹಿತಿಯನ್ನು ಒಂದು ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಂಡು ತನ್ನ ಸರದಿ ಬಂದಾಗ ಅದನ್ನು ಸಿಕ್ಕಿಸಿ ಕೆಲಸ ಮಾಡಬೇಕು ಎಂಬುದು ಅದರ ಮೂಲ ಕಲ್ಪನೆ. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾದರಿ ಮಾರಾಟಕ್ಕೂ ಬಂತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಬೆಲೆ ಅಂದುಕೊಂಡದ್ದಕ್ಕಿಂತ ಏರಿತು, ಮೊಬೈಲ್ ಫೋನು ಅದರ ಜಾಗ ಹಿಡಿಯಿತು. ಸೋತದ್ದು ಯಂತ್ರ. ಅದರ ಹಿಂದಿದ್ದ ಹಂಚಿಕೆಯ ತತ್ವ ತಪ್ಪೆಂದು ಯಾರೂ ಸಾಧಿಸಿಲ್ಲ. ಎಕ್ಸ್‌ಟರ್ನಲ್ ಡಿಸ್ಕಿನ ಲಿನಕ್ಸ್ ಅದೇ ತತ್ವವನ್ನು, ಹೊಸ ಯಂತ್ರ ಕಟ್ಟುವ ಖರ್ಚಿಲ್ಲದೆ, ಇರುವ ಯಂತ್ರಗಳ ಮೇಲೆಯೇ ನಡೆಸುತ್ತದೆ. ಸ್ಮಾರ್ಟ್ ಕಾರ್ಡಿನಲ್ಲಿ ಮಾಹಿತಿ ಮಾತ್ರ ಹೋಗುತ್ತಿತ್ತು; ಡಿಸ್ಕಿನಲ್ಲಿ ಸಿಸ್ಟಂ, ಫಾಂಟ್, ಕೀಲಿಮಣೆ, ಕಡತ ಎಲ್ಲವೂ ಹೋಗುತ್ತವೆ.

ಕನ್ನಡದ ಮಟ್ಟಿಗೆ ಇದೆಲ್ಲ ನಡೆಯುವ ಮಾತೇ ಎಂದು ಕೇಳುವವರಿಗೆ ಕಾಸರಗೋಡಿನ ಉತ್ತರವಿದೆ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ಐಟಿ@ಸ್ಕೂಲ್ ಯೋಜನೆ ಆ ದಶಕದ ನಡುವಿನಲ್ಲಿ ಗ್ನು/ಲಿನಕ್ಸಿಗೆ ಹೊರಳಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾದ ಮೇಲೂ ಶಾಲೆಗಳಿಗೆ ತನ್ನದೇ ಲಿನಕ್ಸ್ ಆವೃತ್ತಿ ಸಿದ್ಧಪಡಿಸಿ ಕೊಡುತ್ತಿದೆ. ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆಗಳೂ ಆ ಏರ್ಪಾಡಿನೊಳಗಿವೆ. ಅಲ್ಲಿಯ ಮಕ್ಕಳು ಕಂಪ್ಯೂಟರ್ ಪಾಠವನ್ನು ಕನ್ನಡ ಪಠ್ಯಪುಸ್ತಕದಲ್ಲಿ ಓದಿ ಲಿನಕ್ಸ್ ಮೇಲೆ ಕಲಿಯುತ್ತಾರೆ, ಪರೀಕ್ಷೆಯನ್ನೂ ಅದರಲ್ಲೇ ಬರೆಯುತ್ತಾರೆ. ಕರ್ನಾಟಕದಲ್ಲಿ ಇದೇ ಬಗೆಯ ಪ್ರಯತ್ನಗಳು ನಡೆಯದೆ ಇಲ್ಲ. 2011ರ ನಂತರ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಕ ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಜೊತೆಗೂಡಿ ಪ್ರೌಢಶಾಲಾ ಶಿಕ್ಷಕರಿಗೆ ನಡೆಸಿದ ತರಬೇತಿಯಲ್ಲಿ ಉಬುಂಟು ಬಳಕೆಯಾಯಿತು. ಆದರೆ ಅದು ರಾಜ್ಯದ ನೀತಿಯಾಗಿ ಗಟ್ಟಿಗೊಳ್ಳಲಿಲ್ಲ. ಗಡಿಯಾಚೆಯ ಕನ್ನಡ ಮಗು ಯಾವ ಕಂಪನಿಯ ಅನುಮತಿಯೂ ಬೇಡದ ಸಿಸ್ಟಂ ಮೇಲೆ ಕನ್ನಡ ಬರೆಯುವಾಗ, ಕನ್ನಡದ ರಾಜ್ಯದ ಮಗುವಿಗೆ ಆ ಅನುಕೂಲ ಸಿಗದಿರುವುದು ನನಗೆ ನೋವಿನ ಸಂಗತಿ. ಬೇಕಾದ ಸಾಮಗ್ರಿಗೆ ಕೊರತೆಯಿಲ್ಲ: ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ದಾರಿಯಲ್ಲೇ ನಡೆಯುವ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಲಿನಕ್ಸಿನೊಳಗೇ ಇದೆ. ಲೋಹಿತ್, ಕೇದಗೆ, ಮಲ್ಲಿಗೆ, ಆಮೇಲೆ ಬಂದ ಗುಬ್ಬಿ, ನವಿಲು ಫಾಂಟುಗಳು ಮುಕ್ತವಾಗಿ ಸಿಗುತ್ತವೆ.

ಆಕ್ಷೇಪಗಳಿವೆ, ಕೆಲವು ತೂಕದವೂ ಹೌದು. ಹೊರಗಿನ ಡಿಸ್ಕಿನಿಂದ ಓಡುವ ಸಿಸ್ಟಂ ನಿಧಾನ ಎಂಬುದು ಮೊದಲನೆಯದು. ಯುಎಸ್‌ಬಿ 1.1ರ ಕಾಲದಲ್ಲಿ ಸೆಕೆಂಡಿಗೆ 12 ಮೆಗಾಬಿಟ್ ವೇಗದಲ್ಲಿ ಅದು ನಿಜಕ್ಕೂ ಹಿಂಸೆಯಾಗಿತ್ತು. 2000ದಲ್ಲಿ ಬಂದ 2.0 ಅದನ್ನು 480ಕ್ಕೆ ಏರಿಸಿತು, 2008ರ 3.0 ಐದು ಗಿಗಾಬಿಟ್ ಮುಟ್ಟಿತು; ಎಸ್‌ಎಸ್‌ಡಿ ಬಂದ ಮೇಲೆ ಈ ದೂರಿಗೆ ಬಲ ಉಳಿದಿಲ್ಲ. ಭದ್ರತೆಯ ಆಕ್ಷೇಪ ಇದಕ್ಕಿಂತ ಗಂಭೀರ. ಕಚೇರಿಯ ಯಂತ್ರವನ್ನು ಯಾರು ಬೇಕಾದರೂ ಹೊರಗಿನ ಡಿಸ್ಕಿನಿಂದ ಎಬ್ಬಿಸಬಹುದಾದರೆ ಒಳಗಿನ ಡಿಸ್ಕಿನ ಕಡತಗಳನ್ನೂ ಅವರು ಓದಬಹುದು. ತಾಲ್ಲೂಕು ಕಚೇರಿ, ಬ್ಯಾಂಕುಗಳು ಈ ಬಾಗಿಲು ಮುಚ್ಚಿಡುವುದು ಸರಿ, ಮುಚ್ಚಿಡಲೇಬೇಕು. ಆದರೆ ಅವರು ಕಾಯುವುದು ಅವರ ಯಂತ್ರದ ದಾಖಲೆಯನ್ನು. ಶಾಲೆಯ ಲ್ಯಾಬು, ಗ್ರಂಥಾಲಯದ ಮೂಲೆಯ ಕಂಪ್ಯೂಟರು ಬೇರೆ ಮಾತು. ಅಲ್ಲಿ ಹೊರಗಿನಿಂದ ಬೂಟ್ ಮಾಡುವುದೇ ಹೆಚ್ಚು ಸುರಕ್ಷಿತ, ಏಕೆಂದರೆ ಹಿಂದೆ ಕೂತವರು ಬಿಟ್ಟುಹೋದ ವೈರಸ್ ಮುಂದೆ ಬಂದವರ ಸಿಸ್ಟಂಗೆ ತಗಲುವುದಿಲ್ಲ. ಡಿಸ್ಕು ಬಸ್ಸಿನಲ್ಲಿ ಕಳೆದುಹೋದರೆ ಎಂಬ ಭಯಕ್ಕೆ ಲಿನಕ್ಸಿನಲ್ಲೇ ಇರುವ ಲಕ್ಸ್ ಗೂಢಲಿಪೀಕರಣ ಉತ್ತರ. ಪಾಸ್‌ವರ್ಡ್ ಗೊತ್ತಿಲ್ಲದವರಿಗೆ ಅದು ಅರ್ಥವಿಲ್ಲದ ಬೈಟುಗಳ ರಾಶಿ. 2012ರಿಂದ ಬಂದ, ಒಪ್ಪಿತ ಸಹಿಯಿಲ್ಲದ ಸಿಸ್ಟಂ ಏಳಗೊಡದ ಸೆಕ್ಯೂರ್ ಬೂಟ್ ಈ ದಾರಿಯನ್ನೇ ಮುಚ್ಚಲಿದೆ ಎಂಬ ಆತಂಕ ಹರಡಿತ್ತು. ಮೈಕ್ರೋಸಾಫ್ಟಿನ ಸಹಿಯಿರುವ ಶಿಮ್ ಎಂಬ ಪುಟ್ಟ ಕಾರ್ಯಕ್ರಮದ ಮೂಲಕ ದೊಡ್ಡ ಲಿನಕ್ಸುಗಳು ಅದನ್ನು ದಾಟುತ್ತವೆ. ನಮ್ಮ ಯಂತ್ರದಲ್ಲಿ ನಮ್ಮ ಸಿಸ್ಟಂ ಏಳಲು ಮೂರನೆಯವರ ಸಹಿ ಬೇಕಾಗಿರುವುದು ನನಗೆ ಒಪ್ಪಿಗೆಯಿಲ್ಲದ ಸಂಗತಿ, ಆದರೆ ಬಾಗಿಲು ಮುಚ್ಚಿಲ್ಲವೆಂಬುದೂ ನಿಜ.

ವಿಂಡೋಸಿಗೂ ಇಂಥ ಸೌಲಭ್ಯ ಬಂದಿತ್ತಲ್ಲ ಎಂಬುದು ಇನ್ನೊಂದು ಮಾತು. ಬಂದಿತ್ತು. 2012ರ ವಿಂಡೋಸ್ 8ರಲ್ಲಿ ‘ವಿಂಡೋಸ್ ಟು ಗೋ’ ಹೆಸರಿನಲ್ಲಿ, ದೊಡ್ಡ ಸಂಸ್ಥೆಗಳಿಗೆ ಮಾರುವ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ. 2020ರ ವಿಂಡೋಸ್ 10 ಆವೃತ್ತಿಯಿಂದ ಅದನ್ನು ತೆಗೆದುಹಾಕಲಾಯಿತು. ಕೊಡುವ ಶಕ್ತಿಯಿದ್ದ ಕಂಪನಿ, ಕೊಡುವುದು ಯಾರಿಗೆ, ಎಷ್ಟು ದಿನ ಎಂಬುದನ್ನೂ ತಾನೇ ತೀರ್ಮಾನಿಸಿತು. ನನ್ನ ವಾದವನ್ನು ಇದು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ಎಲ್ಲವೂ ಫೋನಿನಲ್ಲಿ, ಕ್ಲೌಡಿನಲ್ಲಿ ಇರುವಾಗ ಡಿಸ್ಕು ಹೊತ್ತು ತಿರುಗುವುದೇಕೆ ಎಂದು ಕೇಳುವವರು ಕಳಸ, ಕುದುರೆಮುಖದ ಸುತ್ತಲಿನ ಹಳ್ಳಿಗಳ ನೆಟ್‌ವರ್ಕನ್ನು ಮಳೆಗಾಲದಲ್ಲಿ ಒಮ್ಮೆ ನೆಚ್ಚಿ ನೋಡಬೇಕು. ಫೋನಿನಲ್ಲಿ ಓದಬಹುದು, ಸಂದೇಶ ಕಳಿಸಬಹುದು. ತೋಟದ ವರ್ಷದ ಲೆಕ್ಕ, ಸಂಘದ ನಡಾವಳಿ, ಶಾಲೆಯ ಪ್ರಶ್ನೆಪತ್ರಿಕೆ, ಅಚ್ಚಿಗೆ ಹೋಗುವ ಪುಸ್ತಕ ಇವೆಲ್ಲ ಇಂದಿಗೂ ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸಗಳು. ಯೂನಿಕೋಡ್ ಬಂದ ಮೇಲೆ ಕನ್ನಡ ಎಲ್ಲೆಡೆ ಓಡುತ್ತದೆಯಲ್ಲ ಎಂಬ ಮಾತೂ ಅರ್ಧ ಸತ್ಯ. ಅಕ್ಷರ ಎಲ್ಲೆಡೆ ಕಾಣುತ್ತದೆ. ಆದರೆ ಅಭ್ಯಾಸವಾದ ಕೀಲಿಮಣೆ, ಬೇಕಾದ ಫಾಂಟ್, ಹಳೆಯ ಕಡತಗಳನ್ನು ಬದಲಿಸುವ ಪರಿವರ್ತಕ ಇವು ಅಪರಿಚಿತ ಯಂತ್ರದಲ್ಲಿ ಇರುವುದಿಲ್ಲ, ಹಂಚಿಕೊಂಡ ಯಂತ್ರದಲ್ಲಿ ಹಾಕಿಕೊಳ್ಳಲು ಅನುಮತಿಯೂ ಇರುವುದಿಲ್ಲ. ಒಂದು ಮಿತಿಯನ್ನು ಮಾತ್ರ ಒಪ್ಪಲೇಬೇಕು: ಲಿನಕ್ಸೂ ಹಳೆಯ ಯಂತ್ರಗಳನ್ನು ಕೊನೆಯವರೆಗೆ ಕೈಹಿಡಿದು ನಡೆಸುವುದಿಲ್ಲ. ಉಬುಂಟು 32 ಬಿಟ್‌ನ ಯಂತ್ರಗಳನ್ನು ಕೈಬಿಟ್ಟು ವರ್ಷಗಳಾದವು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಕೂಡ ಅವುಗಳ ಮೇಲೆ ಇನ್‌ಸ್ಟಾಲ್ ಆಗುವುದಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಇಲ್ಲದ, ಅದರ ಪಟ್ಟಿಗೆ ಸೇರದ ಹಳೆಯ ಪ್ರೊಸೆಸರಿನ ಕಂಪ್ಯೂಟರುಗಳು ಮಲೆನಾಡಿನ ಶಾಲೆ, ಸಂಘ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲೂ ಇವೆ. ಅವುಗಳಲ್ಲಿ ಹೆಚ್ಚಿನವು 64 ಬಿಟ್‌ನವು, ಕೆಡದೆ ನಡೆಯುತ್ತಿರುವಂಥವು. ಅವನ್ನು ಗುಜರಿಗೆ ಹಾಕಲು ಟಿಪ್ಪಣಿ ಬರೆಯುವ ಮುನ್ನ ಆ ಕಚೇರಿಗಳ ಹೊಣೆ ಹೊತ್ತವರಲ್ಲಿ ನನ್ನದೊಂದು ಬೇಡಿಕೆಯಿದೆ. ಒಂದು ಯುಎಸ್‌ಬಿ ಡಿಸ್ಕಿನಲ್ಲಿ ಡೆಬಿಯನ್ ಅಥವಾ ಉಬುಂಟು ಹಾಕಿಸಿ, ಕಗಪ ಕೀಲಿಮಣೆಯನ್ನೂ ಕನ್ನಡ ಫಾಂಟುಗಳನ್ನೂ ಅದರಲ್ಲಿ ಹೊಂದಿಸಿ, ಪ್ರತಿ ಯಂತ್ರವನ್ನೂ ಅದರಿಂದ ಒಮ್ಮೆ ಬೂಟ್ ಮಾಡಿ ನೋಡಿ. ಒಳಗಿನ ಡಿಸ್ಕಿಗೆ ಇದರಿಂದ ಯಾವ ಬದಲಾವಣೆಯೂ ಆಗುವುದಿಲ್ಲ, ಯಾರ ಅನುಮತಿ ಪತ್ರವೂ ಬೇಕಾಗುವುದಿಲ್ಲ. ಎದ್ದ ಯಂತ್ರಗಳನ್ನು ಉಳಿಸಿಕೊಳ್ಳಿ, ಡಿಸ್ಕುಗಳನ್ನು ಮಕ್ಕಳ ಕೈಗೆ ಕೊಡಿ.